ಕ್ಯಾಂಟೀನ್ ತಾತನ ಮೂಗು

ನೆಲ ಒರೆಸುವವನು ಮೂಗಿಗೆ ಕರ್ಚೀಫು ಕಟ್ಟಿಕೊಂಡಿದ್ದ. ಬಕೆಟ್ಟಿಗೆ ಫಿನಾಯಿಲನ್ನು ಅಳತೆಯಿಲ್ಲದೆ ಸುರಿದುಕೊಂಡು, ತಾತನ ಜೊತೆ ಆ ಕೋಣೆಯಲ್ಲಿದ್ದ ನಿವೃತ್ತ ಪೋಸ್ಟ್‌ಮಾಸ್ಟರ ಮಂಚದ ಕೆಳಗೆ ಕೋಲಿನ ಬಟ್ಟೆಯನ್ನು ಆಡಿಸುತ್ತ, "ತಾತ, ಆಚೆ ಹೋಗಿ ಕೂತ್ಕೊಳ್ಳಿ. ಈ ವಾಸನೇಲಿ ಹೇಗಿರ್ತೀರಿ?" ಎಂದ. ಕ್ಯಾಂಟೀನ್ ತಾತ ತನ್ನ ಮಂಚದ ಮೇಲೆ ಕಾಲು ಮೇಲೆತ್ತಿಕೊಂಡು ಕೂತಿದ್ದ. ಅವನಿಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ಆದರೂ ಮುಖವನ್ನು ಸ್ವಲ್ಪ ಕಿವುಚಿ, ಮೂಗಿನ ಮುಂದೆ ಒಮ್ಮೆ ಕೈ ಬೀಸಿ, ಇರಲಿ ಬಿಡಪ್ಪ ಎಂದ.

ಪೋಸ್ಟ್‌ಮಾಸ್ಟರನ್ನು ಬೆಳಕು ಹರಿಯುವ ಹೊತ್ತಿಗೆ ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ಹೊಟ್ಟೆ ಹಿಡಿದುಕೊಂಡು ನರಳಿ, ವಾಂತಿ ಮಾಡಿ ಮಾಡಿ, ಕೊನೆಗೆ ಒಳಗೆ ಏನೂ ಉಳಿಯದೆ ಬರೀ ಓಕರಿಸುತ್ತಿದ್ದರೂ ಆ ಮನುಷ್ಯ ಮಾತು ಬಿಟ್ಟಿರಲಿಲ್ಲ. ಸ್ಟ್ರೆಚರಿನ ಮೇಲೆ ಮಲಗಿಸುವಾಗ, "ಕ್ಯಾಂಟೀನು, ನನ್ನ ಹಲ್ಲಿನ ಸೆಟ್ಟು ಲೋಟದಲ್ಲಿದೆ, ಯಾರೂ ಚೆಲ್ಲದ ಹಾಗೆ ನೋಡ್ಕೋ" ಎಂದು ಬೊಚ್ಚುಬಾಯಲ್ಲೇ ಅಪ್ಪಣೆ ಕೊಟ್ಟು ಹೋಗಿದ್ದರು. ಹೋಗುವಾಗ ಅವರ ಮುಖ ಬಿಳಿಚಿಕೊಂಡು, ತುಟಿ ಒಣಗಿ, ಕಣ್ಣು ಗುಳಿ ಬಿದ್ದಿತ್ತು. ಮಗಳು ಮೂರು ದಿನದ ಹಿಂದೆ ತಂದುಕೊಟ್ಟ ಕೋಳಿ ಸಾರನ್ನು ರಾತ್ರಿ ಊಟಕ್ಕೆ ಬಾಯಿ ಚಪ್ಪರಿಸಿಕೊಂಡು ಉಂಡವರು ಅವರೇ ಎಂದರೆ ನಂಬುವಂತಿರಲಿಲ್ಲ. ಆ ಸಾರನ್ನು ತಿನ್ನಬಹುದು ಎಂದು ಹೇಳಿದ್ದವನು ಕ್ಯಾಂಟೀನ್ ತಾತ.

ಈ ಆರೈಕೆ ಮನೆಯಲ್ಲಿ ಹೊರಗಿನ ಊಟಕ್ಕೆ ಒಂದು ಕಟ್ಟುನಿಟ್ಟು ಇತ್ತು. ನೋಡಲು ಬಂದವರು ಏನೇ ತರಲಿ, ಬಂದ ಕೂಡಲೇ ಅದನ್ನು ಆಯಾ ಕೈಗೆ ಕೊಡಬೇಕು. ಮುಚ್ಚಳ ಬಿಗಿಯಿರುವ ಡಬ್ಬಿಯಾಗಬೇಕು. ಸಿಸ್ಟರ್ ಅದರ ಮೇಲೆ ಹೆಸರು, ತಾರೀಖು ಬರೆದ ಚೀಟಿ ಅಂಟಿಸುತ್ತಿದ್ದರು. ಪಡಸಾಲೆಯ ಕೊನೆಯಲ್ಲಿದ್ದ ದೊಡ್ಡ ಫ್ರಿಜ್ಜಿನಲ್ಲಿ ಅದಕ್ಕೆ ಮೂರು ದಿನದ ಜಾಗ. ಮೂರು ದಿನ ಮುಗಿದ ಸಂಜೆ, ಮುಟ್ಟಿರಲಿ ಬಿಟ್ಟಿರಲಿ, ಬಕೆಟ್ಟಿಗೆ. ಆಯಾ ಬಕೆಟ್ಟು ಹಿಡಿದು ಫ್ರಿಜ್ಜಿನ ಬಾಗಿಲು ತೆರೆದಳೆಂದರೆ ಪಡಸಾಲೆಯುದ್ದಕ್ಕೂ ಮುದುಕ ಮುದುಕಿಯರ ಗೊಣಗಾಟ ಶುರುವಾಗುತ್ತಿತ್ತು. ಮಗಳು ಬೆಳಿಗ್ಗೆ ಎದ್ದು ಬೇಯಿಸಿದ್ದು, ಸೊಸೆ ಅಪರೂಪಕ್ಕೆ ಮನಸ್ಸು ಮಾಡಿ ಕಳಿಸಿದ್ದು, ಮೊಮ್ಮಗಳು ಮೊದಲ ಸಲ ಮಾಡಿದ ಕೇಕು, ಎಲ್ಲ ಒಂದೇ ಬಕೆಟ್ಟಿನಲ್ಲಿ ಕಲಸಿಹೋಗುವುದನ್ನು ಕಣ್ಣಾರೆ ನೋಡುವುದೆಂದರೆ ಯಾರಿಗಾದರೂ ಕರುಳು ಚುರುಕ್ ಎನ್ನದಿರದು. ಒಂದೇ ಸಲಕ್ಕೆ ತಿಂದು ಮುಗಿಸುವ ಆಸೆಯೂ ಅವರಿಗಿರಲಿಲ್ಲ. ಮುಗಿಸಿಬಿಟ್ಟರೆ ಮುಂದಿನ ಭೇಟಿಯವರೆಗೆ ಏನಿದೆ? ಫ್ರಿಜ್ಜಿನಲ್ಲಿ ತಮ್ಮ ಹೆಸರಿನದೊಂದು ಡಬ್ಬಿ ಇದೆ ಎನ್ನುವುದೇ ಅವರಿಗೆ ಒಂದು ಧೈರ್ಯ.

ಕ್ಯಾಂಟೀನ್ ತಾತ ಬಂದ ಮೇಲೆ ಈ ಗೋಳಿಗೆ ಒಂದು ದಾರಿಯಾಯಿತು. ಅವನು ಒಂದು ದೊಡ್ಡ ಕಾರ್ಖಾನೆಯ ಕ್ಯಾಂಟೀನನ್ನು ತಲೆಗೂದಲು ನೆರೆಯುವವರೆಗೆ ನಡೆಸಿದವನು. ಪಾತ್ರೆಯ ಮುಚ್ಚಳ ಅರ್ಧ ಸರಿಸಿ ಒಮ್ಮೆ ಉಸಿರು ಒಳಗೆಳೆದರೆ ಸಾಕು, ಬೆಳಗ್ಗಿನದೋ ನಿನ್ನೆಯದೋ, ಇನ್ನು ಎಷ್ಟು ಹೊತ್ತು ತಡೆಯುತ್ತದೋ ಹೇಳಿಬಿಡುತ್ತಿದ್ದ. ಬಂದ ಹೊಸದರಲ್ಲೇ ಅವನು ಆಯಾಳ ಕೈ ತಡೆದು, ಅವಧಿ ಮುಗಿದ ಡಬ್ಬಿಯೊಂದನ್ನು ಮೂಸಿ, ಇದಕ್ಕೇನೂ ಆಗಿಲ್ಲ ಇಡು ಎಂದಿದ್ದ. ಅವಧಿಯೊಳಗಿದ್ದ ಇನ್ನೊಂದನ್ನು ಮೂಸಿ, ಇದನ್ನು ಈಗಲೇ ಎಸೆ ಎಂದಿದ್ದ. ಎರಡೂ ನಿಜವಾಯಿತು. ಅಲ್ಲಿಂದ ಮುಂದೆ ಬಕೆಟ್ಟಿಗೆ ಹೋಗುವ ಮೊದಲು ಡಬ್ಬಿಗಳು ತಾತನ ಮೂಗಿನ ಕೆಳಗೆ ಹಾದುಹೋಗತೊಡಗಿದವು. ಅವನು ಪಾಸು ಮಾಡಿದ್ದನ್ನು ಆಯಾ ಹಾಲಿನ ಪಾತ್ರೆಯ ಹಿಂದಿನ ಸಾಲಿಗೆ, ಸಿಸ್ಟರ್ ಕಣ್ಣಿಗೆ ಬೀಳದ ಹಾಗೆ ತಳ್ಳಿಡುತ್ತಿದ್ದಳು. ಮ್ಯಾನೇಜರಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗಿದ್ದರು, ಯಾಕೆಂದರೆ ಒಂದು ಸೆಕೆಯ ದಿನ ತಮ್ಮ ಊಟದ ಡಬ್ಬಿಯನ್ನೇ ತಾತನಿಗೆ ತೋರಿಸಿ ಅಪ್ಪಣೆ ಪಡೆದು ಉಂಡಿದ್ದರು.

ತಾತನಿಗೆ ಡಬ್ಬಿ ತಂದುಕೊಡುವವರು ಯಾರೂ ಇರಲಿಲ್ಲ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಾಗಿರಲಿಲ್ಲ, ಅಣ್ಣನ ಮಗನೊಬ್ಬ ಇಲ್ಲಿ ಸೇರಿಸಿ ಹೋದವನು ಫೋನು ಮಾಡುತ್ತಿದ್ದ. ಹಾಗಿದ್ದೂ ಸಂಜೆಯಾದರೆ ಅವನ ಮಂಚದ ಸುತ್ತ ಜನ. ತಾತ ಇದು ನೋಡು, ತಾತ ಅದು ನೋಡು. ಟೀಚರಮ್ಮನಂಥ ಬಿಗಿ ಹೆಂಗಸು ಕೂಡ ತಮ್ಮ ಡಬ್ಬಿಯನ್ನು ಕೈಯಲ್ಲಿ ಹಿಡಿದು ಸರದಿಯಲ್ಲಿ ನಿಲ್ಲುತ್ತಿದ್ದರು. ತಾತ ಕಣ್ಣು ಮುಚ್ಚಿ, ಉಸಿರೆಳೆದು, ಸ್ವಲ್ಪ ತಡೆದು ತೀರ್ಪು ಕೊಡುತ್ತಿದ್ದ. ಆ ತಡೆಯುವುದು ಬೇಕಿರಲಿಲ್ಲ, ಅದು ಅವನ ಗತ್ತು.

ಹೋದ ಚಳಿಗಾಲದಲ್ಲಿ ತಾತ ಜ್ವರ ಬಂದು ಮಲಗಿದ. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. ನಾಳೆ ಬಂದೀತು, ನಾಡಿದ್ದು ಬಂದೀತು ಎಂದು ಸೋಪನ್ನೂ ಕಿತ್ತಳೆ ಸಿಪ್ಪೆಯನ್ನೂ ಮೂಗಿಗೆ ಒತ್ತಿಕೊಂಡು ಕಾದ. ಸಿಸ್ಟರಿಗೆ ಹೇಳಬೇಕೆಂದುಕೊಂಡ, ಹೇಳಲಿಲ್ಲ. ಅಷ್ಟರಲ್ಲಿ ಆಯಾ ಒಂದು ಡಬ್ಬಿ ತಂದು ಮುಚ್ಚಳ ತೆರೆದು ಮುಂದೆ ಹಿಡಿದಳು. ತಾತ ಉಸಿರೆಳೆದರೆ ತಣ್ಣನೆಯ ಗಾಳಿ ಬಂತೇ ಹೊರತು ಇನ್ನೇನೂ ಇಲ್ಲ. ಗಾಬರಿಯಲ್ಲಿ ಕಣ್ಣು ತೆರೆದರೆ ಎದುರಿಗೆ ಆಯಾಳ ಮುಖ. ಅವಳ ಮೂಗಿನ ಹೊಳ್ಳೆ ಬಿಗಿದಿತ್ತು, ಮೇಲ್ದುಟಿ ಒಂದಿಷ್ಟು ಮೇಲೆದ್ದಿತ್ತು. ಎಸೆದುಬಿಡು ಎಂದ. "ನನಗೂ ಹಾಗೇ ಅನ್ನಿಸ್ತು ತಾತ. ಆದ್ರೂ ನೀವು ಹೇಳ್ಬೇಕಲ್ಲ" ಎಂದಳು ಆಯಾ.

ಅವತ್ತಿನಿಂದ ಅವನು ನೋಡುತ್ತಿದ್ದದ್ದು ಆಯಾಳ ಮುಖವನ್ನು. ಕಣ್ಣು ಮುಚ್ಚುವ ಗತ್ತು ಬಿಟ್ಟ. ಡಬ್ಬಿಯ ಅಂಚಿನ ಮೇಲಿಂದ ಅವಳನ್ನೇ ನೋಡುತ್ತ ಉಸಿರೆಳೆಯುತ್ತಿದ್ದ. ಅವಳ ಮುಖ ಸಡಿಲವಾಗಿದ್ದರೆ ಇಡು, ಬಿಗಿದರೆ ಎಸೆ. ಅವಳಿಗೆ ತನ್ನ ಮುಖ ಹೀಗೆ ಮಾಡುತ್ತದೆಂಬುದೇ ಗೊತ್ತಿರಲಿಲ್ಲ. ಚಳಿಗಾಲ ಕಳೆದು, ಸೆಕೆಗಾಲವೂ ಕಳೆದು ಮಳೆಗಾಲ ಬಂದರೂ ಈ ಉಪಾಯ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಕೈಕೊಡದೆ ಕೈಕೊಡದೆ, ತಾನು ಮೋಸ ಮಾಡುತ್ತಿದ್ದೇನೆ ಎನ್ನುವುದೇ ತಾತನಿಗೆ ಮರೆತುಹೋಗಿತ್ತು.

ಪೋಸ್ಟ್‌ಮಾಸ್ಟರ ಸಾರೂ ಹೀಗೇ ಪಾಸಾಗಿತ್ತು. ಮಗಳು ಅದನ್ನು ತಂದ ದಿನ ಅದು ಬಿಸಿಯಿತ್ತು. ಬಿಸಿಯದನ್ನು ಫ್ರಿಜ್ಜಿನಲ್ಲಿಟ್ಟರೆ ಹಾಳು ಎಂದು ವಾದ ಮಾಡಿ ಪೋಸ್ಟ್‌ಮಾಸ್ಟರು ಸಂಜೆಯವರೆಗೆ ಅದನ್ನು ಕಿಟಕಿಯ ಮೇಲೆ ಇಟ್ಟುಕೊಂಡು, ಹೋಗಿಬರುವವರಿಗೆಲ್ಲ ತೋರಿಸಿ, ಆಮೇಲೆ ಆಯಾಳ ಕೈಗೆ ಕೊಟ್ಟಿದ್ದರು. ಅರ್ಧ ಉಂಡರು, ಅರ್ಧ ಉಳಿಸಿದರು. ನಿನ್ನೆ ಸಂಜೆ ಅವಧಿ ಮುಗಿದು ಆಯಾ ಬಕೆಟ್ಟಿನ ಹತ್ತಿರ ಒಯ್ದಾಗ, ಕ್ಯಾಂಟೀನು ನೋಡದೆ ಎಸೆದರೆ ನೋಡು ಎಂದು ಗದರಿಕೊಂಡರು. ಆಯಾ ಕಟ್ಟಿದ ಗಂಟಲಿನಲ್ಲಿ ಏನೋ ಗೊಣಗುತ್ತ ಡಬ್ಬಿ ತಂದು ತಾತನ ಮುಂದೆ ಹಿಡಿದಳು. ತಾತ ಮುಖ ನೋಡಿದ. ಮುಖ ಸಡಿಲವಾಗಿತ್ತು. "ಏನೂ ಆಗಿಲ್ಲ, ಬಿಸಿ ಮಾಡಿ ಕೊಡು" ಎಂದ.

ಆದ್ದರಿಂದ ಈಗ, ಫಿನಾಯಿಲಿನ ನೆಲ ಒಣಗುವುದನ್ನು ನೋಡುತ್ತ ಕೂತಿದ್ದಾಗಲೂ, ತಪ್ಪು ಸಾರಿನದಲ್ಲ ಎಂದೇ ಅವನು ನಂಬಿದ್ದ. ವಯಸ್ಸಾದ ಹೊಟ್ಟೆ, ಇನ್ನೇನೋ ಆಗಿರಬೇಕು. ಆದರೂ ಖಾಲಿ ಮಂಚ ನೋಡಿದಾಗಲೆಲ್ಲ ಎದೆಯಲ್ಲಿ ಏನೋ ಕುಟುಕುತ್ತಿತ್ತು.

ತಿಂಡಿಯ ಹೊತ್ತಿಗೆ ಆಫೀಸು ಕೋಣೆಯಿಂದ ಕರೆ ಬಂತು. ಕೋಲು ಊರಿಕೊಂಡು ತಾತ ಹೋದಾಗ ಅಲ್ಲಿ ಮ್ಯಾನೇಜರ್ ಕೂತಿದ್ದರು, ಸಿಸ್ಟರ್ ಕೈಕಟ್ಟಿ ನಿಂತಿದ್ದರು. ಗೋಡೆಗೆ ಒರಗಿ ಆಯಾ ಅಳುತ್ತಿದ್ದಳು. ಫ್ರಿಜ್ಜಿನ ಹಿಂದಿನ ಸಾಲು ಬಯಲಾಗಿತ್ತು. ಅವಧಿ ಮೀರಿದ್ದನ್ನು ಎಸೆಯದೆ ಬಿಸಿ ಮಾಡಿಕೊಟ್ಟವಳು ಇವಳು, ಇವಳನ್ನು ಇವತ್ತೇ ಮನೆಗೆ ಕಳಿಸಬೇಕು ಎಂದು ಸಿಸ್ಟರ್ ಪಟ್ಟು ಹಿಡಿದಿದ್ದರು. ತಾತ ನೋಡಿ ಹೇಳಿದ ಮೇಲೇ ಇಟ್ಟದ್ದು, ಸಾರು ಕೆಟ್ಟಿರಲಿಲ್ಲ, ಕೆಟ್ಟಿದ್ದರೆ ತಾತನ ಮೂಗಿಗೆ ತಪ್ಪುತ್ತಿತ್ತೇ ಎಂದು ಆಯಾ ಒಂದೇ ಮಾತು ಹಿಡಿದಿದ್ದಳು. ಅವಳಿಗೆ ಮನೆಯಲ್ಲಿ ಓದುವ ಇಬ್ಬರು ಮಕ್ಕಳು. ಗಂಡ ಎಲ್ಲಿದ್ದಾನೋ ಅವಳಿಗೂ ಗೊತ್ತಿರಲಿಲ್ಲ.

ಮೂಲೆಯ ಕುರ್ಚಿಯಲ್ಲಿ ಪೋಸ್ಟ್‌ಮಾಸ್ಟರ ಮಗಳು ಇದ್ದಳು. ಅಪ್ಪನ ಕನ್ನಡಕ, ಹಲ್ಲಿನ ಸೆಟ್ಟು, ದಪ್ಪ ಅಂಗಿ ಒಯ್ಯಲು ಆಸ್ಪತ್ರೆಯಿಂದ ಬಂದವಳು. ಸ್ವೆಟರಿನ ಗುಂಡಿಗಳನ್ನು ಒಂದಕ್ಕೊಂದು ತಪ್ಪಿ ಹಾಕಿಕೊಂಡಿದ್ದಳು. ತಾತನನ್ನು ಕಂಡದ್ದೇ ಎದ್ದು ಬಂದು ಅವನ ಕೈ ಹಿಡಿದುಕೊಂಡಳು.

"ತಾತ, ನೀವು ನೋಡಿದ್ರಂತಲ್ಲ, ಸಾರು ಹೇಗಿತ್ತು? ನನಗೆ ಬೇಜಾರಾಗುತ್ತೆ ಅಂತ ಏನೋ ಒಂದು ಹೇಳ್ಬೇಡಿ. ಊಟದ್ದೇ ತೊಂದರೆ ಅಂದ್ರೆ ಡಾಕ್ಟರು ಔಷಧಿ ಕೊಟ್ಟು ಒಂದು ದಿನ ಕಾದು ನೋಡ್ತಾರಂತೆ. ಅದಲ್ಲ ಅಂದ್ರೆ ಹೊಟ್ಟೆ ಒಳಗೇ ಏನೋ ಆಗಿದೆ, ಕುಯ್ದು ನೋಡಬೇಕು ಅಂತಾರೆ. ಈ ವಯಸ್ಸಲ್ಲಿ ತಡ್ಕೊಳ್ತಾರೋ ಇಲ್ವೋ ಅಂತಾನೂ ಅವರೇ ಹೇಳ್ತಾರೆ. ಮಧ್ಯಾಹ್ನದೊಳಗೆ ನಾನು ಹೂಂ ಅನ್ನಬೇಕು."

ಎಲ್ಲರೂ ತಾತನ ಮುಖ ನೋಡುತ್ತಿದ್ದರು. ಆಯಾ ಕೂಡ ಅಳು ನಿಲ್ಲಿಸಿದ್ದಳು. ತಾತ ನಿನ್ನೆಯ ಅವಳ ಮುಖವನ್ನು ನೆನಪಿಗೆ ತಂದುಕೊಂಡ. ಹೊಳ್ಳೆ ಅಲುಗಿರಲಿಲ್ಲ, ತುಟಿ ಎದ್ದಿರಲಿಲ್ಲ. ಅಷ್ಟು ಸಾಕಲ್ಲ.

"ಚೆನ್ನಾಗಿತ್ತು ತಾಯಿ. ನಾನೇ ಮೂಸಿ ನೋಡಿದೀನಿ."

ಮಗಳು ದೀರ್ಘವಾಗಿ ಉಸಿರು ಬಿಟ್ಟಳು. ತನ್ನ ಕೈಯಡುಗೆ ಅಪ್ಪನಿಗೆ ವಿಷವಾಗಲಿಲ್ಲ ಎನ್ನುವ ಸಮಾಧಾನ ಒಂದು ಕ್ಷಣ ಮುಖದ ಮೇಲೆ ಬಂತು. ಮರುಕ್ಷಣವೇ ಅದು ಹೋಯಿತು. ಹಾಗಿದ್ದರೆ ಒಳಗೇ ಏನೋ ಆಗಿದೆ ಎಂದು ತನಗೆ ತಾನೇ ಹೇಳಿಕೊಂಡು, ಹಲ್ಲಿನ ಸೆಟ್ಟಿನ ಡಬ್ಬಿಯನ್ನು ಎದೆಗೊತ್ತಿಕೊಂಡು ಬಿರಬಿರನೆ ಹೊರಟುಹೋದಳು. ಮ್ಯಾನೇಜರ್ ಸಿಸ್ಟರ ಕಡೆ ತಿರುಗಿ, ನೋಡಿದಿರಾ, ಆಯಾಗೆ ಒಂದು ಎಚ್ಚರಿಕೆ ಕೊಟ್ಟು ಬಿಡೋಣ, ಫ್ರಿಜ್ಜು ಖಾಲಿ ಮಾಡುವ ಮಾತು ಸಂಜೆ ನೋಡೋಣ ಎಂದರು. ಸಿಸ್ಟರ್ ಕಟ್ಟಿದ ಕೈ ಬಿಚ್ಚಲಿಲ್ಲ.

ಸುದ್ದಿ ತಾತನಿಗಿಂತ ಮೊದಲೇ ಪಡಸಾಲೆ ತಲುಪಿತ್ತು. ಸಾರು ಚೆನ್ನಾಗಿತ್ತಂತೆ, ತಾತ ಹೇಳಿದನಂತೆ. ಬೆಳಗಿನಿಂದ ತಮ್ಮ ತಮ್ಮ ಡಬ್ಬಿಗಳನ್ನು ನೆನೆದು ಹೆದರಿದ್ದವರಿಗೆಲ್ಲ ಜೀವ ಬಂತು. ಸಂಜೆ ಸಿಸ್ಟರ್ ಎಸೆಯಿಸಿಬಿಟ್ಟರೆ ಕಷ್ಟ, ಇರುವುದನ್ನು ಮಧ್ಯಾಹ್ನವೇ ತಿಂದುಬಿಡೋಣ ಎಂದು ಅವರವರಲ್ಲೇ ಗುಟ್ಟಾಗಿ ನಿಶ್ಚಯವಾಯಿತು. ಟೀಚರಮ್ಮ ತಾತನನ್ನು ನೋಡಿ ತಲೆಯಾಡಿಸಿದರು. ಅವರ ಮಟ್ಟಿಗೆ ಅದು ದೊಡ್ಡ ಮರ್ಯಾದೆ.

ಆಯಾ ಹಿಂದಿನಿಂದ ಬಂದು ಅವನ ಪಕ್ಕದಲ್ಲಿ ನಡೆಯತೊಡಗಿದಳು. ನೀವು ಇವತ್ತು ನನ್ನ ಮಕ್ಕಳ ಅನ್ನ ಉಳಿಸಿದಿರಿ ಎಂದು ಏನೇನೋ ಹೇಳುತ್ತಿದ್ದವಳು ಮಧ್ಯದಲ್ಲೇ ನಿಂತು, ಮುಖ ಪಕ್ಕಕ್ಕೆ ತಿರುಗಿಸಿ, ಒಂದರ ಮೇಲೊಂದು ಸೀನಿದಳು. ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡಳು. ಮೂಗು ಕೆಂಪಗಾಗಿತ್ತು.

"ಅತ್ತೂ ಅತ್ತೂ ಹೀಗಾಯ್ತೇನಮ್ಮ?" ಎಂದ ತಾತ.

"ಅಳೋದಕ್ಕಲ್ಲ ತಾತ, ನೆಗಡಿ. ನಾಲ್ಕೈದು ದಿನದಿಂದ ಹಿಡ್ಕೊಂಡಿದೆ. ಮೂಗು ಪೂರ್ತಿ ಕಟ್ಟಿದೆ, ಊಟ ಮಾಡಿದ್ರೆ ಮಣ್ಣು ತಿಂದ ಹಾಗಿರುತ್ತೆ."

ತಾತ ಗೋಡೆಗೆ ಕೈಯೂರಿ ನಿಂತ. ಒಂದು ಗಳಿಗೆ ಅವನಿಗೆ ಪಡಸಾಲೆಯ ಸದ್ದೆಲ್ಲ ದೂರ ಹೋದಂತಾಯಿತು.

"ನಿನ್ನೆ ಆ ಸಾರಿನ ಮುಚ್ಚಳ ತೆಗೆದಾಗ ನಿನಗೆ ವಾಸನೆ ಬರ್ತಿತ್ತಾ?"

"ಎಲ್ಲಿಂದ ಬರುತ್ತೆ? ಬಂದಿದ್ರೂ ನನಗೇನು ಗೊತ್ತಾಗ್ತಿತ್ತು. ನೀವಿದೀರಲ್ಲ ಅಂತ ತಂದೆ" ಎಂದಳು ಆಯಾ, ಮತ್ತು ಅಡುಗೆಮನೆಯಿಂದ ಯಾರೋ ಕೂಗಿದ್ದಕ್ಕೆ ಓಗೊಟ್ಟು ಓಡಿದಳು.

ತಾತ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಕೂತ. ಅವಳ ಮುಖ ಸಡಿಲವಾಗಿದ್ದದ್ದು ಸಾರು ಚೆನ್ನಾಗಿದ್ದರಿಂದಲ್ಲ. ಅವಳು ಇವನ ಮೂಗು ನಂಬಿದ್ದಳು, ಇವನು ಅವಳ ಮೂಗು ನಂಬಿದ್ದ. ನಡುವೆ ಡಬ್ಬಿ ತೆರೆದೇ ಇತ್ತು, ಮೂಸಿದವರು ಯಾರೂ ಇರಲಿಲ್ಲ. ಎಂಥ ಹೇಸಿಗೆ ಕೆಲಸ ಮಾಡಿದೆ ಎಂದು ಅವನು ಬಾಯಿಬಿಟ್ಟೇ ಹೇಳಿಕೊಂಡ.

ಹೇಳಿಬಿಡಬೇಕು. ಹೇಳಿದರೆ ಆಯಾಳ ಕೆಲಸ ಹೋಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಸಿಸ್ಟರ್ ಬಿಡುವವರಲ್ಲ. ಈಗ ತಾನೇ ಮಕ್ಕಳ ಅನ್ನ ಉಳಿಸಿದಿರಿ ಎಂದು ಕೈಮುಗಿದು ಹೋದವಳಿಗೆ ತಾನೇ ಗುಂಡಿ ತೋಡಿದಂತೆ. ಹೇಳದಿದ್ದರೆ? ಔಷಧಿಯಲ್ಲಿ ಮುಗಿಯಬಹುದಾದ್ದಕ್ಕೆ ಪೋಸ್ಟ್‌ಮಾಸ್ಟರ ಹೊಟ್ಟೆ ಕುಯ್ಯುತ್ತಾರೆ. ಸ್ನಾನದ ದಿನ ಬೆನ್ನು ಉಜ್ಜಿಕೊಡುವಾಗ ಆ ಹೊಟ್ಟೆಯನ್ನು ತಾತ ಎಷ್ಟೋ ಸಲ ನೋಡಿದ್ದ. ತೆಳ್ಳಗೆ, ಬೆಳ್ಳಗೆ, ಚರ್ಮದ ಕೆಳಗಿನ ನೀಲಿ ನರ ಕಾಣುವ ಹೊಟ್ಟೆ. ಒಮ್ಮೆ ಕುಯ್ದರೆ ಅದು ಮತ್ತೆ ಕೂಡುವ ಹೊಟ್ಟೆಯಲ್ಲ.

ಇದರ ಜೊತೆಗೆ ಇನ್ನೊಂದು ಯೋಚನೆಯೂ ಬಂತು. ಅದು ಬಂದದ್ದಕ್ಕೆ ಅವನಿಗೆ ನಾಚಿಕೆಯಾಯಿತು, ಆದರೆ ಬಂದದ್ದು ಬಂತು. ಮೂಗಿಲ್ಲ ಎಂದಮೇಲೆ ತಾನು ಇಲ್ಲಿ ಯಾರು? ಕರೆದಾಗ ಬಾಯಿ ತೆರೆದು ಮಾತ್ರೆ ನುಂಗುವ ಒಬ್ಬ ಮುದುಕ. ಸಂಜೆ ಮಂಚದ ಸುತ್ತ ಯಾರೂ ಬರುವುದಿಲ್ಲ. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದು ಒಳಗೊಬ್ಬ ಹೇಳುತ್ತಲೇ ಇದ್ದ. ಪೋಸ್ಟ್‌ಮಾಸ್ಟರ ಮಂಚದ ಮೇಲೆ ಹಾಸಿಗೆಯನ್ನು ಸುರುಳಿ ಸುತ್ತಿ ಇಟ್ಟಿದ್ದರು. ಅದನ್ನು ಎಷ್ಟೋ ಹೊತ್ತು ನೋಡಿದ ಮೇಲೆ ತಾತ ಕೋಲಿಗೆ ಕೈಹಾಕಿದ.

ಊಟದ ಕೋಣೆಯಲ್ಲಿ ಎಲ್ಲರೂ ಕೂತಾಗಿತ್ತು. ಆಯಾ ಬಿಸಿ ಮಾಡಿದ ಡಬ್ಬಿಗಳನ್ನು ಅವರವರ ಮುಂದೆ ಇಡುತ್ತಿದ್ದಳು. ಹಬೆ ಏಳುತ್ತಿತ್ತು, ಚಮಚೆಗಳ ಸದ್ದು, ಇವತ್ತು ಮನೆಯ ಊಟ ಸಿಕ್ಕಿದವರ ಗೆಲುವಿನ ಮಾತು. ಮ್ಯಾನೇಜರ್ ಸಂಜೆ ನೋಡೋಣ ಎಂದಿದ್ದರಿಂದ ಸಿಸ್ಟರ್ ಡಬ್ಬಿಗಳ ಕಡೆ ನೋಡದೆ ಮಾತ್ರೆಯ ಟ್ರೇ ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತಿದ್ದರು. ತಾತ ನೇರ ಅವರ ಮುಂದೆ ಹೋಗಿ ನಿಂತ.

"ಸಿಸ್ಟರ್, ಆಸ್ಪತ್ರೆಗೆ ಫೋನ್ ಮಾಡಿ. ಸಾರು ಕೆಟ್ಟಿರಬಹುದು ಅಂತ ಹೇಳಿ. ನನಗೆ ವಾಸನೆ ಗೊತ್ತಾಗಲ್ಲ. ಜ್ವರ ಬಂದಾಗಿಂದ ಗೊತ್ತಾಗ್ತಿಲ್ಲ."

ಹತ್ತಿರದ ಮೇಜಿನವರು ನಕ್ಕರು. ಯಾರೋ, ತಾತನಿಗೆ ವಾಸನೆ ಬರಲ್ಲ ಅಂದ್ರೆ ನನಗೆ ವಯಸ್ಸಾಗಿಲ್ಲ ಅಂದ ಹಾಗೆ ಎಂದರು. ಗೆಳೆಯನ ಚಿಂತೆಯಲ್ಲಿ ಏನೇನೋ ಮಾತಾಡುತ್ತಿದ್ದಾನೆ, ಪಾಪ, ಕೂರಿಸಿ ನೀರು ಕೊಡಿ ಎಂದು ಇನ್ನೊಬ್ಬರು ಹೇಳಿದರು. ಆಯಾ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಧಾವಿಸಿ ಬಂದು ಅವನ ತೋಳು ಹಿಡಿದಳು. ನಿದ್ದೆಯಿಲ್ಲ ಇವರಿಗೆ, ಬನ್ನಿ ತಾತ ಮಲಗಿ ಎಂದು ಎಳೆದಳು. ಬೆರಳುಗಳು ಬಿಗಿಯಾಗಿದ್ದವು, ತೋಳು ನೋಯುವಷ್ಟು. ಅವಳ ಕಣ್ಣು ಬೇಡಿಕೊಳ್ಳುತ್ತಿತ್ತು. ತಾತ ಅಲುಗಲಿಲ್ಲ.

ಸಿಸ್ಟರ್ ನಗಲಿಲ್ಲ. ಅವನನ್ನು ಒಂದಷ್ಟು ಹೊತ್ತು ದಿಟ್ಟಿಸಿ, ಬೆಳಿಗ್ಗೆ ಒಂದು ಹೇಳಿ ಈಗ ಒಂದು ಹೇಳಿದರೆ ನಾನು ಡಾಕ್ಟರಿಗೆ ಏನಂತ ಹೇಳಲಿ, ಕೂತ್ಕೊಳ್ಳಿ ಎಂದರು. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಒರೆಸುವ ಬಟ್ಟೆಯೊಂದನ್ನು ಮಡಿಸಿ ಕಣ್ಣಿಗೆ ಕಟ್ಟಿದರು. ಊಟದ ಕೋಣೆಯಲ್ಲಿ ಸದ್ದು ಕಡಿಮೆಯಾಯಿತು. ಜನರಿಗೆ ಇದೊಂದು ಆಟದಂತೆ ಕಂಡಿತ್ತು. ಚಮಚೆ ಕೈಯಲ್ಲಿ ಹಿಡಿದೇ ಕತ್ತು ಚಾಚಿ ನೋಡುತ್ತಿದ್ದರು.

ಸಿಸ್ಟರ ಹೆಜ್ಜೆ ಕಪಾಟಿನ ಕಡೆ ಹೋಯಿತು, ತಿರುಗಿ ಬಂತು. ಆಮೇಲೆ ಟೊಕ್ ಎಂದು ಒಂದು ಸದ್ದು. ತಾತನಿಗೆ ಆ ಸದ್ದು ಚೆನ್ನಾಗಿ ಗೊತ್ತು. ಅಂಚು ನೆಗ್ಗಿದ ಆ ಮುಚ್ಚಳ ದಿನಾ ಬೆಳಿಗ್ಗೆ ಹಾಗೇ ತೆರೆದುಕೊಳ್ಳುತ್ತಿತ್ತು. ಕಾಫಿ ಪುಡಿಯ ಡಬ್ಬಿ. ಅದು ಮೂಗಿನ ಹತ್ತಿರ ಬಂದದ್ದು, ಅದರ ತಗಡು ಮೇಲ್ದುಟಿಗೆ ತಣ್ಣಗೆ ತಾಗಿದ್ದು ಗೊತ್ತಾಯಿತು. ಎಳೆದ ಉಸಿರಿನಲ್ಲಿ ಏನೂ ಇರಲಿಲ್ಲ.

"ಏನಿದು ಹೇಳಿ."

ಎಲ್ಲರೂ ಕಾಯುತ್ತಿದ್ದರು. ಹೇಳಿ ತಾತ ಎಂದು ಒಂದು ಹೆಣ್ಣುದನಿ ಪಿಸುಗುಟ್ಟಿತು. ಇನ್ಯಾರೋ ಅವನಿಗೆ ಕೇಳಿಸಲೆಂದೇ ಕೆಮ್ಮಿದರು. ಅವರೆಲ್ಲ ತನ್ನ ಗೆಲುವನ್ನು ಬಯಸುತ್ತಿದ್ದಾರೆ ಎಂದು ಅವನಿಗೆ ತಿಳಿಯಿತು. ಒಂದು ಮಾತು. ಕಾಫಿ ಎಂದುಬಿಟ್ಟರೆ ಚಪ್ಪಾಳೆ ಬೀಳುತ್ತದೆ, ಆಯಾ ಉಳಿಯುತ್ತಾಳೆ, ಸಂಜೆ ಮತ್ತೆ ಮಂಚದ ಸುತ್ತ ಜನ ಸೇರುತ್ತಾರೆ. ಮಾತು ನಾಲಿಗೆಯ ತುದಿಗೇ ಬಂದು ಕೂತಿತ್ತು.

"ಗೊತ್ತಾಗ್ತಿಲ್ಲ" ಎಂದ.

ಸಿಸ್ಟರ್ ಇನ್ನೂ ಹತ್ತಿರ ಹಿಡಿದರು. ಆಮೇಲೆ ಬೇರೇನೋ ಹಿಡಿದರು, ಮತ್ತೊಂದು ಹಿಡಿದರು. ಅವು ಏನೆಂದು ತಾತನಿಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಪ್ರತಿ ಸಲವೂ ಅವನು ಇಲ್ಲವೆಂದು ತಲೆಯಾಡಿಸಿದ. ಕಣ್ಣಿನ ಬಟ್ಟೆ ಬಿಚ್ಚಿದಾಗ ಮೇಜಿನ ಮೇಲೆ ಕಾಫಿ ಡಬ್ಬಿಯ ಪಕ್ಕ ಸುಲಿದ ಬೆಳ್ಳುಳ್ಳಿ ಇತ್ತು, ನಿನ್ನೆಯದೋ ಮೊನ್ನೆಯದೋ ಒಂದು ಬಟ್ಟಲು ಹಾಲು ಮೊಸರಿನಂತೆ ಒಡೆದು ಕೂತಿತ್ತು. ಸಿಸ್ಟರ್ ಆಗಲೇ ಗೋಡೆಯ ಫೋನಿನ ಹತ್ತಿರ ಹೋಗಿದ್ದರು. ಸಾರು ಅರ್ಧ ದಿನ ಹೊರಗಿತ್ತು, ಅವಧಿ ಮೀರಿತ್ತು, ಯಾರೂ ಪರೀಕ್ಷೆ ಮಾಡಿರಲಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದರು. ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಇನ್ನೂ ಕುಯ್ದಿಲ್ಲವಲ್ಲ, ಹಾಗಾದರೆ ಕಾಯಿರಿ, ಮಗಳಿಗೂ ತಿಳಿಸಿ ಎಂದು ಫೋನು ಇಟ್ಟರು.

ಆಯಾ ಕುರ್ಚಿಯ ಮುಂದೆ ನಿಂತಿದ್ದಳು. ಅವಳು ಈಗ ಅಳುತ್ತಿರಲಿಲ್ಲ.

"ಹಾಗಾದ್ರೆ ಇಷ್ಟು ದಿನ ಏನು ನೋಡಿ ಹೇಳ್ತಿದ್ರಿ ತಾತ?"

"ನಿನ್ನ ಮುಖ ನೋಡಿ" ಎಂದ ತಾತ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳ ಕೈ ತಾನಾಗಿ ಮೇಲೆ ಬಂದು ಮೂಗನ್ನೂ ಬಾಯನ್ನೂ ಮುಚ್ಚಿತು. ಹಾಗೇ ಹಿಂದೆ ಹಿಂದೆ ಸರಿದು ಗೋಡೆಗೆ ಒರಗಿದಳು.

ಟೀಚರಮ್ಮ ತಮ್ಮ ಡಬ್ಬಿಯನ್ನು ಬಗ್ಗಿ ನೋಡಿದರು. ಅರ್ಧ ಖಾಲಿಯಾಗಿತ್ತು. ಬಾಯಲ್ಲಿದ್ದದ್ದನ್ನು ನುಂಗಲೋ ಬೇಡವೋ ಎಂದು ಒಂದು ಗಳಿಗೆ ಕೆನ್ನೆಯಲ್ಲಿ ಇಟ್ಟುಕೊಂಡಿದ್ದು, ಕೊನೆಗೆ ಕರ್ಚೀಫಿಗೆ ಉಗುಳಿ ಮಡಿಸಿದರು. ಚಮಚೆಯನ್ನು ತಟ್ಟೆಯ ಮೇಲೆ ಸದ್ದಾಗದಂತೆ ಇಟ್ಟರು. ಅವರ ಪಕ್ಕದವರೂ ಇಟ್ಟರು. ಆಚೆ ಮೇಜಿನಲ್ಲಿ ಒಂದು ಚಮಚೆ, ಅದರಾಚೆ ಇನ್ನೊಂದು. ಕಿಟಕಿಯ ಹತ್ತಿರ ಕೂತಿದ್ದ ಕಿವಿ ಕೇಳದ ಮುದುಕರೊಬ್ಬರು ಮಾತ್ರ, ಏನು ನಡೆಯಿತೆಂದು ತಿಳಿಯದೆ, ಮಗ ತಂದ ಊಟವನ್ನು ನಿಧಾನವಾಗಿ ತಿನ್ನುತ್ತಲೇ ಇದ್ದರು. ಅವರ ಚಮಚೆ ಡಬ್ಬಿಯ ತಳವನ್ನು ಕೆರೆಯುವ ಸದ್ದು ಊಟದ ಕೋಣೆಯಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು.